ಭಾವನವರ ಪರೀಕ್ಷಾ ಪಾಳಿ

ನಮ್ಮ ಭಾವನವರು ಬಿ.ಎಸ್ಸಿ. ಪರೀಕ್ಷೆ ಬರೆಯದೆ ಉಳಿದದ್ದಕ್ಕೆ ಕಾರಣ ಒಂದೇ: ಹಾಲ್ ಟಿಕೆಟ್ಟಿನಲ್ಲಿ ಮಗಳ ಹೆಸರಿತ್ತು! ಅದೊಂದು ಅಡಚಣೆ ಇಲ್ಲದಿದ್ದರೆ ಅವರು ಲೋವರ್ ಸೆಕೆಂಡರಿ ಓದಿದ ಧೈರ್ಯದಲ್ಲೇ ಒಳಗೆ ನುಗ್ಗಿ ಕೂತುಬಿಡುತ್ತಿದ್ದರು. ಬರೆಯುವುದು ಆಮೇಲಿನ ಮಾತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮನೆ, ಕಬ್ಬಿಣದ ಕಾರ್ಖಾನೆಯಲ್ಲಿ ಫರ್ನೇಸಿನ ಮುಂದೆ ಕೆಲಸ. ಇಪ್ಪತ್ತು ವರ್ಷ ಬೆಂಕಿಯ ಮುಂದೆ ನಿಂತ ಮನುಷ್ಯ ತಣ್ಣಗಿರಬೇಕೆಂದು ನಿರೀಕ್ಷಿಸುವುದು ತಪ್ಪು. ನಿಂತಲ್ಲಿ ನಿಲ್ಲುವುದಿಲ್ಲ, ಕೂತಲ್ಲಿ ಕೂರುವುದಿಲ್ಲ. ಊಟಕ್ಕೆ ಕೂತರೆ ಸಾರು ಬರುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲಲ್ಲಿ ಇಣುಕಿ ಬರುತ್ತಾರೆ. ಯಾರು ಬರುತ್ತಾರೆಂದು? ಯಾರೂ ಇಲ್ಲ!

ಇಂಥವರ ಒಬ್ಬಳೇ ಮಗಳು ಶಿವಮೊಗ್ಗದ ಕಾಲೇಜಿನಲ್ಲಿ ಓದಲು ನಮ್ಮ ಮನೆಯಲ್ಲಿ ಇದ್ದಳು. ನನ್ನದು ಹಳೆಯ ಬಾಗಿಲು, ಕಿಟಕಿ ಮಾರುವ ವ್ಯಾಪಾರ. ಒಂದು ಕಾಲದಲ್ಲಿ ಒಂದೇ ಒಂದು ಕಿಟಕಿಯನ್ನು ತಲೆಯ ಮೇಲೆ ಹೊತ್ತು ಬೀದಿ ಸುತ್ತಿದವನು ನಾನು. ಈಗ ಮುಂದೆ ಅಂಗಡಿ, ಹಿಂದೆ ಮನೆ. ಹುಡುಗಿಗೆ ಬರೆದು ಅಭ್ಯಾಸ ಮಾಡಲು ಕಾಗದ ಸಾಲದು. ನನ್ನ ಬಾಗಿಲುಗಳ ಮೇಲೆಯೇ ಸೀಮೆಸುಣ್ಣದಲ್ಲಿ ಲೆಕ್ಕ ಮಾಡುತ್ತಿದ್ದಳು. ಒಮ್ಮೆ ಒಬ್ಬ ಗಿರಾಕಿ ಹೊನ್ನೆ ಮರದ ಬಾಗಿಲಿನ ಮುಂದೆ ನಿಂತು, "ಇದೇನ್ರೀ, ಯಂತ್ರ ಬರ್ದಂಗಿದೆ?" ಎಂದ. "ಬಾಗಿಲಿಗೆ ಒಳ್ಳೇದು" ಎಂದೆ. ಸುಳ್ಳೇನಲ್ಲವಲ್ಲ? ಅವನು ಒರೆಸದೆ ಹಾಗೆಯೇ ಗಾಡಿಗೆ ಹಾಕಿಸಿಕೊಂಡು ಹೋದ.

ಅದು ಅವಳ ಕೊನೆಯ ವರ್ಷ. ಭದ್ರಾವತಿಯ ಹೆಣ್ಣುಮಕ್ಕಳ ಶಾಲೆಯೊಂದರ ದೊಡ್ಡ ಮೇಡಂ ಅವಳಿಗೆ ಮಾತು ಕೊಟ್ಟಿದ್ದರು: ಜೂನಿನಲ್ಲಿ ಪಾಸಾಗಿ ಬಂದರೆ ಗಣಿತ ಕಲಿಸುವ ಕೆಲಸ ಅವಳಿಗೆ, ಬಾರದಿದ್ದರೆ ಕಾಯುವುದಿಲ್ಲ, ಬೇರೆಯವರಿಗೆ. ಆ ಕೆಲಸದ ಮೇಲೆ ಹುಡುಗಿ ಪ್ರಾಣವನ್ನೇ ಇಟ್ಟಿದ್ದಳು. ಪರೀಕ್ಷೆಗೆ ಇನ್ನು ಒಂದು ತಿಂಗಳಿದೆ ಎನ್ನುವಾಗ ಭಾವ ಒಂದು ಬೆಳಿಗ್ಗೆ, ರಾತ್ರಿ ಪಾಳಿ ಮುಗಿಸಿಕೊಂಡು, ನಿದ್ದೆಯನ್ನೂ ಮಾಡದೆ, ಮೊದಲ ರೈಲಿಗೇ ಇಳಿದರು. ಕೈಯಲ್ಲಿ ಸುರುಳಿ ಸುತ್ತಿದ ಕಾಗದ.

"ಏನು ಭಾವ ಇದು?"

"ಶಿಫ್ಟ್ ಚಾರ್ಟು."

ನಡುಮನೆಯ ಗೋಡೆಗೆ ಅಂಟಿಸಿಯೇ ಬಿಟ್ಟರು. ಫರ್ನೇಸಿಗೆ ಒಮ್ಮೆ ಬೆಂಕಿ ಕೊಟ್ಟ ಮೇಲೆ ಆರಲು ಬಿಡಬಾರದಂತೆ. ಪಕ್ಕದಲ್ಲಿ ಸದಾ ಒಬ್ಬ ಮನುಷ್ಯ ಇರಬೇಕಂತೆ. ಆ ಮನುಷ್ಯ ತನ್ನ ಪಾಳಿ ಮುಗಿಯಿತೆಂದು ಎದ್ದು ಹೋಗುವ ಹಾಗಿಲ್ಲ. ಅವನ ಜಾಗಕ್ಕೆ ಬರುವವನು, ಅಂದರೆ ರಿಲೀವರ್, ಬಂದು ನಿಂತ ಮೇಲೆಯೇ ಹೋಗಬೇಕಂತೆ. ಓದುವ ಹುಡುಗಿಯ ತಲೆಗೂ ಇದೇ ನಿಯಮ! ಬೆಳಗಿನ ಪಾಳಿಗೆ ನನ್ನ ಅಮ್ಮ, ಮಧ್ಯಾಹ್ನದ್ದಕ್ಕೆ ನಾನು, ಸಂಜೆಗೆ ನನ್ನ ಹೆಂಡತಿ. ಅಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಆ ವಯಸ್ಸಿನವರನ್ನು ಹೊಸದಾಗಿ ಕೆಲಸಕ್ಕೆ ತೆಗೆದುಕೊಂಡ ಕಾರ್ಖಾನೆ ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ ಇದ್ದೀತು.

"ಪಕ್ಕದಲ್ಲಿ ಕೂತು ಏನು ಮಾಡ್ಬೇಕು ಅಣ್ಣಾ?" ಎಂದು ಕೇಳಿದಳು ನನ್ನ ಹೆಂಡತಿ.

"ಏನೂ ಮಾಡ್ಬಾರ್ದು ಮಾರಾಯ್ತಿ. ಇರ್ಬೇಕು, ಅಷ್ಟೆ."

ಏನೂ ಮಾಡದೆ ಇರುವುದು ಎಷ್ಟು ಕಷ್ಟ ಎಂದು ಗೊತ್ತಾಗಬೇಕಾದರೆ ಗಣಿತ ಓದುವವರ ಪಕ್ಕದಲ್ಲಿ ಕೂತು ನೋಡಿ! ಅಮ್ಮ ಮೂರನೆಯ ದಿನಕ್ಕೇ ಗೋಡೆಗೆ ಒರಗಿ ಗೊರಕೆ ಹೊಡೆಯತೊಡಗಿದರು. ಹುಡುಗಿ ಎದ್ದು ಅಜ್ಜಿಗೆ ದಿಂಬು ಕೊಟ್ಟಳು, ಹೊದಿಕೆ ಹೊದಿಸಿದಳು, ನೊಣ ಓಡಿಸಿದಳು. ಯಾರು ಯಾರ ಪಕ್ಕದಲ್ಲಿ ಡ್ಯೂಟಿಯಲ್ಲಿದ್ದಾರೆಂದು ತಿಳಿಯದ ಹಾಗಾಯಿತು. ಅದೇ ಹೊತ್ತಿಗೆ ಭಾವ ಬಂದರು.

"ಡ್ಯೂಟಿ ಮೇಲೆ ನಿದ್ದೆ! ನಮ್ಮಲ್ಲಾಗಿದ್ರೆ ಮೆಮೋ ಕೊಡ್ತಾರೆ ಅತ್ತೆ!"

ಅಮ್ಮ ಕಣ್ಣು ತೆರೆಯದೆಯೇ ಹೇಳಿದರು: "ನಾನು ನಿಮಗೆ ಮಗಳನ್ನೇ ಕೊಟ್ಟೆ ಅಳಿಯಂದಿರೇ. ತಿರುಗಿ ನೀವು ನನಗೆ ಕೊಡೋದು ಮೆಮೋನಾ?"

ನನ್ನ ಪಾಳಿಯ ಕಥೆ ಇನ್ನೂ ಚೆಂದ. ಒಂದು ಮಧ್ಯಾಹ್ನ ಸೋಗಾನೆ ಕಡೆಯ ರೈತರೊಬ್ಬರು ತೇಗದ ಬಾಗಿಲು ಕೇಳಿಕೊಂಡು ಬಂದರು. ನನ್ನ ಹೆಂಡತಿ ಅಕ್ಕಿ ಬೀಸಿಸಲು ಗಿರಣಿಗೆ ಹೋಗಿದ್ದಳು. ನಾನು ಏಳಬೇಕು, ಏಳುವ ಹಾಗಿಲ್ಲ! ಭಾವ ಅಂಗಳದಲ್ಲಿ ಶತಪಥ ಹಾಕುತ್ತಿದ್ದಾರೆ. ಇನ್ನೇನು ಮಾಡುವುದು? ಗಿರಾಕಿಯನ್ನೇ ಒಳಗೆ ಕರೆಸಿಕೊಂಡೆ. ಹುಡುಗಿಗೆ ತೊಂದರೆಯಾಗಬಾರದಲ್ಲ, ಪಿಸುಮಾತಿನಲ್ಲಿ ಬೆಲೆ ಹೇಳಿದೆ. ಅವರೂ ಪಿಸುಗುಟ್ಟಿದರು. ಮೂಲೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು, ಚಾಪೆಯ ಮೇಲೆ ಬಗ್ಗಿ ಕೂತಿದ್ದ ಹುಡುಗಿಯನ್ನೊಮ್ಮೆ ನೋಡಿದರು. ಪಕ್ಕದಲ್ಲಿ, ನೆನಪಿನ ಶಕ್ತಿಗೆಂದು ಕೊಟ್ಟ ಒಂದೆಲಗದ ಕಷಾಯದ ಲೋಟ. ಮುಖ ಸಣ್ಣದು ಮಾಡಿಕೊಂಡು, ಚೌಕಾಸಿಯ ಒಂದು ಮಾತೂ ಆಡದೆ, ನಾನು ಹೇಳಿದ ಬೆಲೆಗೇ ಒಪ್ಪಿ ಎದ್ದರು. ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು, "ಹೆದರ್ಕೋಬೇಡಿ ಸಾವ್ಕಾರ್ರೇ, ಸಣ್ಣ ವಯಸ್ಸು, ಹುಷಾರಾಗ್ತಾಳೆ" ಎಂದರು.

ನನ್ನ ಇಡೀ ವ್ಯಾಪಾರದಲ್ಲಿ ಹಾಗೆ ಸುಲಭವಾಗಿ ಕುದುರಿದ ಬಾಗಿಲು ಬೇರೊಂದಿಲ್ಲ. ಭಾವ ಏನೆಂದರು ಗೊತ್ತೇ? "ನೋಡ್ದ್ಯಾ? ರೂಲ್ಸ್ ಪ್ರಕಾರ ಜಾಗ ಬಿಡ್ದೆ ಕೂತೆ, ಲಾಭ ಆಯ್ತು!"

ಇಲ್ಲಿ ತಂದೆತಾಯಿಗಳಿಗೆ ಒಂದು ಸಲಹೆ ಕೊಡುತ್ತೇನೆ. ಯಾರೂ ಕೇಳಿಲ್ಲವೆಂದು ಗೊತ್ತು, ಆದರೂ ಕೊಡುತ್ತೇನೆ. ನನ್ನ ಅಕ್ಕನನ್ನು ನೋಡಿ ಕಲಿಯಿರಿ. ಅವಳು ಭಾನುವಾರ ಬರುತ್ತಿದ್ದಳು. ಮಗಳ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹಾಕಿ, ಪಕ್ಕದ ಮನೆಯ ತಮಿಳಮ್ಮ ಕರಿ ಹಸುವಿಗೆ ಯಾವ ಹೆಸರಿಟ್ಟಳು ಎಂಬಂಥ ಸುದ್ದಿ ಹೇಳಿ ಹೋಗುತ್ತಿದ್ದಳು. ಪರೀಕ್ಷೆ ಎಂಬ ಶಬ್ದ ಬಾಯಲ್ಲಿ ಬರುತ್ತಿರಲಿಲ್ಲ. ಅವಳು ಹೋದ ಮೇಲೆ ಹುಡುಗಿ ಎರಡು ಗಂಟೆ ತಲೆ ಎತ್ತದೆ ಓದುತ್ತಿದ್ದಳು. ಭಾವ ಹೋದ ಮೇಲೆ? ಎರಡು ಗಂಟೆ ಸುಧಾರಿಸಿಕೊಳ್ಳುತ್ತಿದ್ದಳು!

ಪರೀಕ್ಷೆ ಶುರುವಾಯಿತು. ಮೊದಲ ದಿನ ಗಣಿತದ ಮೊದಲ ಪೇಪರು. ಭಾವ ಕಾಲೇಜಿನ ಗೇಟಿನಲ್ಲಿ ನಿಂತು, ಬೇಗ ಮುಗಿಸಿ ಹೊರಬಂದ ಪ್ರತಿಯೊಬ್ಬ ಹುಡುಗನನ್ನೂ ತಡೆದು ವಿಚಾರಿಸಿದರಂತೆ. ಯಾವುದು ಸುಲಭ, ಯಾವುದು ಕಷ್ಟ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು. ಕಾರ್ಖಾನೆಯಲ್ಲಿ ಪಾಳಿ ಬಿಟ್ಟು ಬರುವವರನ್ನು ಫರ್ನೇಸ್ ಹೇಗಿದೆ ಎಂದು ಕೇಳುವ ಅಭ್ಯಾಸ! ಕೊನೆಗೆ ಮಗಳು ಬಂದಳು. ಇವರು ಕೊಡೆ ಹಿಡಿದು ಓಡಿದರು.

"ಏಳನೇದು ಬಹಳ ಸುಲಭ ಇತ್ತಂತಲ್ಲಮ್ಮ! ಎಲ್ಲಾರೂ ಬರ್ದಿದ್ದಾರೆ."

ಹುಡುಗಿ ಏಳನೆಯದನ್ನು ಬಿಟ್ಟುಬಂದಿದ್ದಳು.

ಭಾವ ಪಾಳಿಗೆಂದು ಅಲ್ಲಿಂದಲೇ ರೈಲಿಗೆ ಹೋದರು. ಮನೆಗೆ ಬಂದವಳು ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿ ಮುಚ್ಚಳ ಹಾಕಿದಳು. "ಮಾವ, ನಾನು ಇನ್ನು ಬರೆಯಲ್ಲ. ಸೆಪ್ಟೆಂಬರಿಗೆ ಕಟ್ತೀನಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಗಾಬರಿಯಾಗುತ್ತಿರಲಿಲ್ಲ. ಸೆಪ್ಟೆಂಬರೆಂದರೆ ಜೂನಿನ ಕೆಲಸ ಹೋಯಿತೆಂದೇ ಲೆಕ್ಕ. ಅದು ಅವಳಿಗೂ ಗೊತ್ತಿತ್ತು. ಮಾರನೆಯ ದಿನವೆಲ್ಲ ಟ್ರಂಕು ತೆರೆಯಲಿಲ್ಲ. ಅಮ್ಮ ಹೇಳಿದರು, ನನ್ನ ಹೆಂಡತಿ ಹೇಳಿದಳು. ಊಹೂಂ. ಭಾವನಿಗೆ ಹೇಳಿಕಳಿಸುವ ಧೈರ್ಯ ನಮಗೆ ಯಾರಿಗೂ ಆಗಲಿಲ್ಲ.

ಎರಡನೆಯ ಪೇಪರಿನ ಬೆಳಿಗ್ಗೆ ನಾನು ಟ್ರಂಕಿನ ಮೇಲೆಯೇ ಹೋಗಿ ಕೂತೆ. ಬುದ್ಧಿ ಹೇಳುವುದರಿಂದ ವ್ಯಾಪಾರ ಕುದುರುವುದಿಲ್ಲ. ಎದುರಿನವರಿಗೆ ಭಾರವಾಗದಷ್ಟು ಸಣ್ಣದನ್ನು ಕೇಳಬೇಕು.

"ಬರೀಬೇಡ ಕಣೆ. ಅರ್ಧ ಗಂಟೆ ಕೂತು ಬಾ. ಫ್ಯಾನಿನ ಗಾಳಿಗೆ."

"ಅರ್ಧ ಗಂಟೆ ಯಾಕೆ? ಹತ್ತು ನಿಮಿಷ ಕೂರ್ತೀನಿ."

"ಅರ್ಧ ಗಂಟೆಗೆ ಮುಂಚೆ ಅವರೇ ಹೊರಗೆ ಬಿಡಲ್ಲವಲ್ಲ. ಅದು ನನ್ನ ರೇಟಲ್ಲ, ಯೂನಿವರ್ಸಿಟಿ ರೇಟು."

ಅವಳು ತುಸು ನಕ್ಕಳು. ಆಮೇಲೆ ನಗು ನಿಂತಿತು. "ಸರಿ. ಅಪ್ಪ ಅಲ್ಲಿರಬಾರ್ದು. ಹೋಗೋವಾಗಲೂ ಕಾಣಬಾರ್ದು, ಬರೋವಾಗಲೂ ಕಾಣಬಾರ್ದು. ಏನೂ ಕೇಳಬಾರ್ದು."

ಒಪ್ಪಿಕೊಂಡು ಸ್ಟೇಷನ್ನಿಗೆ ಓಡಿದೆ. ಭಾವ ರೈಲು ನಿಲ್ಲುವ ಮೊದಲೇ ಇಳಿದಿದ್ದರು. ಕೈಯಲ್ಲಿ ಕೊಡೆ, ಚೀಲ, ಕಣ್ಣು ಕೆಂಡದ ಹಾಗೆ. ಎಲ್ಲವನ್ನೂ ಹೇಳಿದೆ. ಏಳನೆಯ ಪ್ರಶ್ನೆ, ಟ್ರಂಕು, ಸೆಪ್ಟೆಂಬರು, ಅವಳ ಷರತ್ತು. ಅವರು ಪ್ಲಾಟ್‌ಫಾರಮ್ಮಿನ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದು ಬಂದರು.

"ಗೇಟಿಂದ ದೂರ ನಿಲ್ತೀನಿ."

"ಆಗಲ್ಲ ಭಾವ."

"ರಸ್ತೆ ಆಚೆ, ಮರದ ಹಿಂದೆ."

"ಕೊಡೆ ಕಾಣುತ್ತೆ."

"ಕೊಡೆ ಮಡಚ್ತೀನಿ ಮಾರಾಯ!"

"ಹೊಳೆ ಆಚೆ. ಸೇತುವೆ ಆ ಕಡೆ. ಅದಕ್ಕಿಂತ ಒಂದು ಗೇಣೂ ಈ ಕಡೆ ಬೇಡ."

ಅವರು ಒಪ್ಪಿದರು. ಇಷ್ಟು ಬೇಗ ಒಪ್ಪುತ್ತಾರೆಂದು ನಾನೂ ಎಣಿಸಿರಲಿಲ್ಲ. ಅಪ್ಪ ಸೇತುವೆಯ ಆಚೆಯೇ ಇರುತ್ತಾರೆಂದು ಹೇಳಿ ಹುಡುಗಿಯನ್ನು ಕಾಲೇಜಿಗೆ ಬಿಟ್ಟೆ. ಅರ್ಧ ಗಂಟೆಯಾಯಿತು, ಅವಳು ಬರಲಿಲ್ಲ. ಒಂದು ಗಂಟೆಯಾಯಿತು. ಗೇಟಿನ ಹತ್ತಿರ ಅಡ್ಡಾಡುತ್ತ ಅಡ್ಡಾಡುತ್ತ, ನಾನೂ ಭಾವನ ಹಾಗೆಯೇ ಆಗುತ್ತಿದ್ದೇನೆ ಎಂದು ಹೊಳೆದು ನಾಚಿಕೆಯಾಗಿ, ಸೇತುವೆ ದಾಟಿ ಅವರ ಬಳಿಗೆ ಹೋದೆ.

ತುಂಗೆಯ ದಂಡೆಯಲ್ಲಿ ಒಂದು ಬಂಡೆಯ ಮೇಲೆ ಕೂತಿದ್ದರು. ಹೌದು, ಕೂತಿದ್ದರು! ಚೀಲ ಕಾಲಿನ ನಡುವೆ.

"ಇನ್ನೂ ಒಳಗಿದಾಳೆ" ಎಂದೆ.

ಅವರು ತಲೆಯಾಡಿಸಿದರು. "ಮಗ್ಗಿ ನಾನೇ ಹೇಳಿಕೊಟ್ಟೆ ಕಣೋ ಅವಳಿಗೆ" ಎಂದರು. "ಇಪ್ಪತ್ತರವರೆಗೆ. ಭಾಗಾಕಾರಾನೂ ನಾನೇ. ಹೈಸ್ಕೂಲಿಗೆ ಹೋದ್ಮೇಲೆ ನನ್ನ ಕೈಗೆ ಸಿಗಲಿಲ್ಲ. ಮೊನ್ನೆ ಅವಳ ಪುಸ್ತಕ ತೆಗೆದು ನೋಡ್ದೆ. ಗಣಿತ ಅಂತಾರೆ, ಒಂದು ಅಂಕಿ ಇಲ್ಲ ಮಾರಾಯ, ಬರೀ ಅಕ್ಷರ! ನನಗೇನು ಮಾಡೋಕೆ ಬರುತ್ತೆ ಹೇಳು. ಪಕ್ಕದಲ್ಲಿ ಯಾರಾದ್ರೂ ಇರ್ಲಿ ಅಂತ ಅಷ್ಟೆ..."

ನಾನೂ ಬಂಡೆಯ ಮೇಲೆ ಅವರ ಪಕ್ಕದಲ್ಲಿ ಕೂತೆ.

ಪರೀಕ್ಷೆಯ ಪೂರಾ ಮೂರು ಗಂಟೆ ಮುಗಿದ ಮೇಲೆ ಹುಡುಗಿ ಬಂದಳು. ಗೇಟಿನಲ್ಲಿ ನನ್ನನ್ನು ಕಾಣದೆ, ತಾನೇ ಸೇತುವೆಯ ಮೇಲೆ ನಡೆದುಕೊಂಡು, ಬಿಸಿಲಿನಲ್ಲಿ. ಭಾವ ಎದ್ದು ನಿಂತರು, ಒಂದು ಹೆಜ್ಜೆ ಮುಂದಿಟ್ಟರು, ನನ್ನ ಮುಖ ನೋಡಿ ಹಿಂದಿಟ್ಟರು. ಅವಳು ಬಂದು ಎದುರಿಗೆ ನಿಂತಳು.

"ಕೇಳಲ್ವಾ ಅಪ್ಪ?"

"ಕೇಳ್ಬಾರ್ದು ಅಂತ ಆಗಿದೆ."

ಮುಂದೆ ಅವಳು ಎರಡನೆಯ ದರ್ಜೆಯಲ್ಲಿ ಪಾಸಾದಳು, ಜೂನಿನಲ್ಲಿ ಕೆಲಸಕ್ಕೂ ಸೇರಿದಳು. ಆದರೆ ಆಗ ಅದೊಂದೂ ನಮಗೆ ಗೊತ್ತಿರಲಿಲ್ಲ. ಅವಳು ಬಂಡೆಯ ಮೇಲೆ ಅಪ್ಪನ ಪಕ್ಕದಲ್ಲಿ ಕೂತು, ಮಸಿ ಮೆತ್ತಿದ ಬಲಗೈಯನ್ನು ಅವರ ತೊಡೆಯ ಮೇಲಿಟ್ಟಳು. ಭಾವ ಅದನ್ನು ಎತ್ತಿಕೊಂಡು, ಬೆಂಕಿಗೆ ಸುಟ್ಟು ಒರಟಾದ ತಮ್ಮ ಕೈಗಳಲ್ಲಿ ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು, ನೋಯದ ಹಾಗೆ, ಮೆಲ್ಲಗೆ ನೆಟಿಗೆ ತೆಗೆಯತೊಡಗಿದರು. ಕಿರುಬೆರಳಿನಿಂದ ಹಿಡಿದು ನಾಲ್ಕು ಬೆರಳಿನದೂ ಬಂತು. ಹೆಬ್ಬೆರಳಿನದು ಮಾತ್ರ ಬರಲಿಲ್ಲ.

"ಇರ್ಲಿ ಬಿಡಪ್ಪ" ಎಂದಳು ಹುಡುಗಿ. "ನಾಡಿದ್ದು ಭೌತಶಾಸ್ತ್ರ ಇದೆ. ಗೇಟಿನ ಹತ್ರಾನೇ ಇರು."