ಯಾರೂ ನೋಡದ ವಿಡಿಯೋ

ವಿಡಿಯೋನೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಡೆದದ್ದು ಇಷ್ಟೇ: ನಮ್ಮ ಹಾಲಿನ ಡೈರಿಯ ಹೊಸ ಕಟ್ಟಡದ ಪೂಜೆಗೆ ಬಂದ ಮುಖಂಡರಿಗೆ, ಅಲ್ಲಿ ಹಾಲು ಅಳೆಯುವ ಶೋಭಾ ಒಂದು ಹಾರ ಹಾಕಿದಳು. ಆಮೇಲೆ ಸ್ವಲ್ಪ ದಿನಕ್ಕೆ ಆ ಮುಖಂಡರದ್ದೊಂದು ಕೆಟ್ಟ ವಿಡಿಯೋ ಇದೆಯಂತೆ ಅಂತ ಗುಲ್ಲೆದ್ದಿತು. ಅದರ ಹಿಂದೆಯೇ, ವಿಡಿಯೋದಲ್ಲಿರುವ ಹೆಂಗಸು ಶೋಭಾ ಅಂತಲೂ ಆಯಿತು. ನಮ್ಮ ಕಡೆ ಗಂಡಸರಿಗೆ ಒಂದು ಕಾಯಿಲೆ. ಕಟ್ಟೆ ಮೇಲೆ ಯಾರಾದರೂ "ನೋಡಿದ್ಯೇನ್ಲಾ?" ಅಂದರೆ, ಇಲ್ಲ ಅನ್ನುವುದಕ್ಕೆ ಬಾಯಿ ಬರುವುದಿಲ್ಲ. ಇಲ್ಲ ಅಂದವನು ಊರಿಗೆಲ್ಲ ದಡ್ಡ. ಹಾಗಾಗಿ ನಮ್ಮ ಮಾಕವಳ್ಳಿಯಿಂದ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನವರೆಗೆ ಎಲ್ಲರೂ ನೋಡಿದವರೇ. ನನ್ನಂಥ ಮುದುಕಿ ತೋರಿಸು ಅಂದರೆ ಮಾತ್ರ, "ಡಿಲೀಟ್ ಮಾಡ್ಬುಟ್ಟೆ ಕಣಜ್ಜಿ, ಮನೇಲಿ ಹೆಂಗಸ್ರವ್ರೆ" ಅನ್ನುತ್ತಾರೆ. ಇಷ್ಟೊಂದು ಗಂಡಸರಿಗೆ ಒಟ್ಟಿಗೇ ಮರ್ಯಾದೆ ಬಂದದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಶೋಭಾಳ ಅತ್ತೆ ಅವಳ ಬಟ್ಟೆ ಗಂಟು ಕಟ್ಟಿ, "ನಾಗಮಂಗಲಕ್ಕೆ ನಿಮ್ಮವ್ವನ ಮನೆಗೆ ನಡಿ" ಅಂದಳು ಅಂತ ಕೇಳಿದಾಗ ನನಗೆ ರೇಗಿತು. ಸಂಜೆ ಡೈರಿಯ ಸಾಲಿನ ಮುಂದೆ ನನ್ನ ಹಾಲಿನ ಕ್ಯಾನು ಇಟ್ಟು ನಿಂತೆ. ಹಾಲು ಮುಟ್ಟಿ ಸುಳ್ಳಾಡಿದರೆ ಹಸು ಬತ್ತುತ್ತದೆ ಅಂತ ನಮ್ಮಲ್ಲಿ ಇವತ್ತಿಗೂ ಭಯ. ದೇವರ ಮುಂದೆ ಸುಳ್ಳು ಹೇಳಿಯಾರು, ಹಾಲಿನ ಮುಂದೆ ಹೇಳುವುದಿಲ್ಲ.

"ಸಿದ್ದ, ನೋಡಿವ್ನಿ ಅಂತ ಮೆರೀತಿದ್ಯಲ್ಲ, ಇದ್ರ ಮೇಲೆ ಕೈಯಿಟ್ಟು ಹೇಳ್ಲಾ."

ಸಾಲಿನಲ್ಲಿ ಮೊದಲು ನಿಂತಿದ್ದ ಸಿದ್ದ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನಾನಲ್ಲ ಕಣಜ್ಜಿ, ಪಾಂಡವಪುರದ ನಮ್ ಭಾವ ನೋಡವ್ನೆ."

"ಅವನೂ ಹಸ ಕಟ್ಟವ್ನಲ್ಲ, ಹಾಲು ಮುಟ್ಟಿ ಹೇಳ್ಲಿ, ಮಾಡು ಫೋನು."

ಭಾವನ ದನಿ ಸಾಲಿಗೆಲ್ಲ ಕೇಳಿಸಿತು: "ನಾನೆಲ್ಲಿ ನೋಡ್ದೆ? ನೀನೇ ಅಲ್ವೇನ್ಲಾ ನೋಡ್ದೆ ಅಂದಿದ್ದು!"

ಜನ ಬಿದ್ದು ಬಿದ್ದು ನಕ್ಕರು. ಉಳಿದ ಗಂಡಸರು ತಮ್ಮ ತಮ್ಮ ಕ್ಯಾನಿಂದ ಅಷ್ಟು ದೂರ ಸರಿದು, ಆಕಾಶ ನೋಡತೊಡಗಿದರು. ನಾನು ಸೊಂಟಕ್ಕೆ ಕೈಯಿಟ್ಟು ಗೆದ್ದವಳಂತೆ ನಿಂತಿದ್ದೆ. ಆಗ ಸಾಲಿನ ಕೊನೆಯಿಂದ ಶೋಭಾಳ ಅತ್ತೆ ಬಂದಳು.

"ಎಲ್ಲಾರ್ನೂ ಮುಟ್ಟುಸ್ತಿದ್ದೀಯಲ್ಲಕ್ಕ, ಈಗ ನೀನು ಮುಟ್ಟು. ಯಾರ ಕಿವಿಗೂ ಊದ್ಲಿಲ್ಲ ಅನ್ನು."

ನನ್ನ ಕೈ ಏಳಲಿಲ್ಲ. ಬೆಳಗೊಳದಲ್ಲಿರುವ ತಂಗಿಗೆ ಸುದ್ದಿ ಮುಟ್ಟಿಸಿದವಳು ನಾನೇ; ಒಗ್ಗರಣೆಯೂ ನನ್ನದೇ. ಸುಮ್ಮನೆ ಮುಟ್ಟಿಬಿಡೋಣ ಅಂದರೆ ನನ್ನ ಹಸು ಕರು ಹಾಕಿ ತಿಂಗಳೂ ಆಗಿರಲಿಲ್ಲ.

"ತಂಗಿಗೆ ಹೇಳಿವ್ನಿ ಕಣವ್ವ" ಅಂದೆ.

"ನಾನು ಗಂಟು ಬಿಚ್ತೀನಿ, ನನ್ ಸೊಸೆ ಎಲ್ಗೂ ಹೋಗಕಿಲ್ಲ. ನೀನು ಅಲ್ಲೀಗಂಟ ಹೋಗಿ ಸುಳ್ಳು ಅಂತ ಹೇಳ್ಬುಟ್ಟು ಬಾ."

ಮಾರನೆಯ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಬೆಳಗೊಳಕ್ಕೆ ಹೋದೆ. ತಂಗಿಯನ್ನು ಎಳೆದುಕೊಂಡು, ಅವಳು ಸುದ್ದಿ ಹಂಚಿದ್ದ ಮನೆಗಳಿಗೆಲ್ಲ ನುಗ್ಗಿ "ಅದು ಸುಳ್ಳು ಕಣ್ರವ್ವಾ" ಅಂದೆ. ಸುದ್ದಿ ತಂದಾಗ ಅವಳಿಗೆ ಪ್ರತಿ ಮನೆಯಲ್ಲೂ ಕೂರಿಸಿ ಕಾಫಿ ಕೊಟ್ಟಿದ್ದರಂತೆ. ನನಗೆ ಒಬ್ಬರೂ ನೀರು ಬೇಕಾ ಅನ್ನಲಿಲ್ಲ.