‘ಬ್ಯಾಡ’ ಅನ್ನುವ ಅತ್ತೆ

ಜಗತ್ತಿನ ದೊಡ್ಡ ದೊಡ್ಡ ನಾಯಕರು ಯುದ್ಧಕ್ಕೆ ಹೊರಡುವ ಮುನ್ನ ನಿಪ್ಪಾಣಿಯ ನಮ್ಮ ಸೋದರತ್ತೆಯನ್ನು ಒಂದು ಮಾತು ಕೇಳಿದ್ದರೆ, ತೋಪು-ಬಂದೂಕಿನ ಕಾರ್ಖಾನೆಯವರೆಲ್ಲ ನಮ್ಮೂರವರ ಹಾಗೆ ಬೀಡಿ ಕಟ್ಟಿ ಹೊಟ್ಟೆ ಹೊರೆಯಬೇಕಾಗುತ್ತಿತ್ತು!

ಅಮೆರಿಕ ಇರಾಕಿನ ಮೇಲೆ ಬಿದ್ದ ವರ್ಷ. ಒಂಟಿಯಾಗಿದ್ದ ಅತ್ತೆ ದಿನಾ ಸಂಜೆ ನಮ್ಮ ಮನೆಗೆ ಬಂದು ಟೀವಿ ಮುಂದೆ ಕೂರುತ್ತಿದ್ದಳು. ಒಂದು ದಿನ ಪರದೆಯ ಮೇಲೆ ಉದ್ದನೆಯ ಮೇಜು, ಅದರ ಸುತ್ತ ಕೋಟು ತೊಟ್ಟ ಗಂಡಸರು.

“ನಡುವ ಕುಂತಾನಲ್ಲ, ಅವಂದಷ್ಟ ತಪ್ಪಲ್ಲೋ ತಮ್ಮಾ. ಸುತ್ತ ಕುಂತವರ ಮಾರಿ ನೋಡು. ಎಲ್ಲಾರೂ ‘ಹೌದ್ರಿ ಸಾಹೇಬ್ರ’ ಅನ್ನೋರ! ಒಬ್ಬನರ ‘ಬ್ಯಾಡ್ರಿ’ ಅಂದಾನೇನು?”

“ಅವರ ಕಡೆ ಗುಪ್ತ ವರದಿ ಇರ್ತಾವ ಅತ್ತಿ.”

“ಸಿಟ್ಟ ಮದಲ ಬರತೈತಿ. ವರದಿ ಆಮ್ಯಾಲ ತರಸ್ತಾರ!”

ಅಂದಿನಿಂದ ಜಗತ್ತಿನ ‘ಬ್ಯಾಡ’ದ ಕೊರತೆ ನೀಗಿಸುವ ಹೊಣೆಯನ್ನು ಅತ್ತೆಯೇ ಹೊತ್ತುಕೊಂಡಳು. ಪಕ್ಕದ ಮನೆಯವರು ಫ್ರಿಜ್ ತರುತ್ತೇವೆಂದರೆ ಬ್ಯಾಡ. ನನಗೆ ಹೆಣ್ಣು ಕೊಡಲು ಬಂದವರು ಇನ್ನೂ ಅವಲಕ್ಕಿ ಬಾಯಿಗಿಟ್ಟಿರಲಿಲ್ಲ, ಬಾಗಿಲಲ್ಲಿ ನಿಂತು “ಬ್ಯಾಡ್ರಿ” ಅಂದಳು!

“ಯಾಕ್ರಿ, ಹುಡಗನ್ದೇನರ ಐಬು ಐತೇನ್ರಿ?”

“ಏನೂ ಇಲ್ರಿ. ಯಾರರ ಒಬ್ರು ಅನ್ನಬೇಕಲ್ರಿ!”

ಅವರು ಮತ್ತೆ ನಮ್ಮ ಓಣಿಗೆ ಕಾಲಿಡಲಿಲ್ಲ.

ಆದರೆ ಗಣಪತಿ ಹಬ್ಬದಲ್ಲಿ ಧ್ವನಿವರ್ಧಕದ ಸಲುವಾಗಿ ನಮ್ಮ ಓಣಿಯ ಹುಡುಗರು ಬಡಿಗೆ ಹಿಡಿದು ಆಚೆ ಓಣಿಗೆ ಹೊರಟಾಗ, ಅತ್ತೆ ಮುಂದಾಳಿನ ಅಂಗಿ ಹಿಡಿದಳು. “ಬ್ಯಾಡೋ. ಮನಿಗೆ ಹೋಗಿ ಉಣ್ಣು.” ಅವನು ಗಕ್ಕನೆ ನಿಂತ. “ಇಷ್ಟೊತ್ತನ ಯಾರೂ ಅನ್ಲೇ ಇಲ್ಲ ಆಯಿ” ಎಂದು ಬಡಿಗೆ ಬಿಸಾಕಿದ.

“ಯುದ್ಧಾನ ನಿಲ್ಲಿಸಿದಿ ಅತ್ತಿ!” ಎಂದು ನಾನು ನಕ್ಕೆ. ಅವಳು ನಗಲಿಲ್ಲ.

“ರೊಟ್ಟಿ ಸೀದು ಹೋಗ್ಯಾವಂತ ನಿಮ್ಮ ಮಾವ ಬೀಗರ ಮುಂದ ನಕ್ಕರು. ಅಷ್ಟಕ್ಕ, ಹರೇದ ಸಿಟ್ಟಿನಾಗ, ಗಂಟು ಕಟ್ಟಿಕೊಂಡು ತವರಿಗೆ ಬಂದ್ನಿ. ಎಲ್ಲಾರೂ ‘ಚಲೋ ಮಾಡಿದಿ’ ಅಂದ್ರು. ನಿಮ್ಮಪ್ಪನೂ ಅಂದ. ‘ಬ್ಯಾಡವಾ, ಹೊಳ್ಳಿ ಹೋಗು’ ಅಂತ ಒಬ್ರರ ಅಂದಿದ್ರ, ಮರುದಿನಾನ ಹೋಗತಿದ್ನಿ.”

“ಮಾವ ಯಾಕ ಕರಿಯಾಕ ಬರಲಿಲ್ಲ?”

“ಅವರ ಸುತ್ತನೂ ‘ಹೌದ್ರಿ’ ಅನ್ನೋರ ಇದ್ರು.”

ಮುಂದಿನ ರವಿವಾರ ಅವಳನ್ನು ಮಾವನ ಊರಾದ ಉಗಾರಕ್ಕೆ ಕರೆದುಕೊಂಡು ಹೋದೆ. ಬರುವುದಿಲ್ಲ ಅಂದಾಳೆಂದು ಹೆದರಿದ್ದೆ. ನನಗಿಂತ ಮುಂಚೆ ಬಸ್ ಹತ್ತಿದಳು. ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಮಾವ ಮತ್ತೆ ಮದುವೆಯಾಗಿರಲಿಲ್ಲ. ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ದಪ್ಪ ಕನ್ನಡಕದೊಳಗಿಂದ ಕಣ್ಣು ಕಿರಿದು ಮಾಡಿ ನೋಡಿದರು.

“ಯಾರ ಅದು?”

“ನಾನ.”

ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ “ಬಾ, ಚಾ ಮಾಡತೀನಿ” ಎಂದು ಒಲೆ ಹೊತ್ತಿಸಿದರು. ಚಮಚ ಹಿಡಿದು ತಿರುಗಿದರು.

“ನಿನಗ ಸಕ್ಕರಿ ಎಷ್ಟ ಬೇಕಾಗತಿತ್ತು? ನೆನಪ ಹೋಗೇತಿ ನೋಡು.”

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮಾವ ಚಮಚ ಹಿಡಿದೇ ಕಾಯುತ್ತ ನಿಂತರು.

ಸಂಜೆ ನಾನು ಬಸ್ಸಿಗೆ ಎದ್ದೆ. ಅತ್ತೆ ಚೀಲ ಎತ್ತಿಕೊಳ್ಳಲಿಲ್ಲ.