ಓಬಳಯ್ಯ ಗಿಟಾರ್ ಕಾಯಿಸಿದ್ದು

ಭೀಮರಾಜು ಮಧ್ಯಾಹ್ನ ಸ್ನಾನಕ್ಕೆ ಹೋಗುವಾಗ ಗಿಟಾರನ್ನು ಜಗಲಿಯ ಗೋಡೆಗೆ ಒರಗಿಸಿ ಹೋದದ್ದೇ ತಪ್ಪಾಯಿತು.

ಅದು ಅಂತಿಂಥ ಗಿಟಾರಲ್ಲ. ಶಿರಾದಲ್ಲಿ ಆರ್ಕೆಸ್ಟ್ರಾ ಮುಚ್ಚಿದ ಮುದುಕ ಸಾಹೇಬರೊಬ್ಬರು “ಮಗಳ ಥರ ನೋಡ್ಕೋ ಬೇಟಾ” ಎಂದು ಒಪ್ಪಿಸಿದ್ದ ಅರ್ಧ ಶತಮಾನದ ಹಳೆಯ ಎಲೆಕ್ಟ್ರಿಕ್ ಗಿಟಾರ್. ಅದಕ್ಕೆ ಟೊಳ್ಳು ಹೊಟ್ಟೆಯಿಲ್ಲ, ನಡುವೆ ತೂತೂ ಇಲ್ಲ. ಬಾಗಿಲ ಹಲಗೆಯಂಥ ಇಡೀ ಗಟ್ಟಿ ಮರ. ಕತ್ತನ್ನು ಹಿಂದಿನಿಂದ ಸ್ಟೀಲ್ ಪಟ್ಟಿ ಕೊಟ್ಟು ನಾಲ್ಕು ಸ್ಕ್ರೂ ಬಿಗಿದು ಕೂಡಿಸಿದ್ದರು. ಕಸ ಗುಡಿಸುವಾಗ ಎತ್ತಿಡಬೇಕಾದ ಹೆಂಡತಿ ವನಜಾಕ್ಷಿ ಮಾತ್ರ, “ಇದರ ಬದಲು ರುಬ್ಬೋ ಗುಂಡು ತಂದಿದ್ರೆ ಚಟ್ನಿನಾದ್ರೂ ಆಗೋದು” ಅನ್ನುತ್ತಿದ್ದಳು.

ಹೊಳವನಹಳ್ಳಿಯ ಅಂಬೇಡ್ಕರ್ ಜಯಂತಿಯಲ್ಲಿ, ಶಾಲೆಯ ಮೇಷ್ಟ್ರಾದ ಭೀಮರಾಜುವಿಗೆ ಪ್ರತಿ ವರ್ಷವೂ ಮಜ್ಜಿಗೆ ಹಂಚುವ ಕೆಲಸ. ಹುಟ್ಟೂರಿನ ವೇದಿಕೆಯ ಮೇಲೆ ಒಂದೇ ಒಂದು ಸಲ ನುಡಿಸಬೇಕೆಂಬುದು ಅವನ ಆಸೆ. ಸಮಿತಿಯ ಕಾರ್ಯದರ್ಶಿ ಪ್ರಭುದೇವನ ಬೆನ್ನು ಬಿದ್ದು ಈ ಸಂಜೆಗೆ ಒಪ್ಪಿಗೆ ಪಡೆದಿದ್ದ.

“ಸದ್ದು ಬರ್ಲಿಲ್ಲ ಅಂದ್ರೆ ಮೇಷ್ಟ್ರೇ, ಇನ್ಮೇಲೆ ಸ್ಟೇಜು ಅನ್ನೋ ಮಾತು ಎತ್ತಬಾರ್ದು, ಆಯ್ತಾ?” ಎಂದಿದ್ದ ಪ್ರಭುದೇವ್.

ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಬಂದರೆ ಜಗಲಿ ಖಾಲಿ. ಎದುರುಮನೆಯ ಪೆದ್ದಮ್ಮ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

“ಪೆದ್ದಮ್ಮ, ನನ್ ಗಿಟಾರ್ ಎಲ್ಲಿ?”

“ನಿಮ್ಮಾವ ಓಬಳಯ್ಯ ಎತ್ಕೊಂಡೋದ ಕಣಪ್ಪ. ಬಂದವ್ನೇ ತಂತಿ ಮೀಟಿ ನೋಡ್ದ. ಸೊಳ್ಳೆ ಥರ ಗುಂಯ್ ಅಂತು, ಅಷ್ಟೇಯ. ಪಾಪ, ಶೀತ ಆಗೈತೆ ಅಂದೆ ನಾನು. ಕಾಯಿಸಿದ್ರೆ ಗಂಟಲು ಬುಡ್ತದೆ ಅಂದ ಅವ್ನು.”

ಓಬಳಯ್ಯ ಊರಿನ ತಮಟೆ ಮೇಳದ ಹಿರಿಯ. ಹುಲ್ಲಿನ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳದೆ ತಮಟೆಗೆ ಕೈಯಿಟ್ಟವನಲ್ಲ. ಭೀಮರಾಜು ಟವೆಲಿನಲ್ಲೇ ಓಡಿದ.

ಅಂಬೇಡ್ಕರ್ ಭವನದ ಮುಂದೆ ಹುಲ್ಲು ಧಗಧಗ ಉರಿಯುತ್ತಿತ್ತು. ಸುತ್ತ ತಮಟೆಗಳು. ನಡುವೆ ಓಬಳಯ್ಯ ಕತ್ತು ಹಿಡಿದು, ಕೆಂಡದ ಮೇಲೆ ರೊಟ್ಟಿ ಸುಡುವವರ ಹಾಗೆ ಗಿಟಾರನ್ನು ಆಡಿಸುತ್ತಿದ್ದ.

“ಮಾವಾ! ಏನ್ ಮಾಡ್ಬುಟ್ಟೆ!”

“ಬಂದ್ಯೇನ್ಲಾ? ಬೆನ್ನು ಹದವಾಗಿ ಕಾದೈತೆ. ಇನ್ನು ಹೊಟ್ಟೆ ಕಡೆ ತಿರುಗ್ಸೋದೊಂದು ಬಾಕಿ.”

ಭೀಮರಾಜು ಹಾರಿ ಕಿತ್ತುಕೊಂಡ. “ಇದಕ್ಕೆ ಚರ್ಮಾನೇ ಇಲ್ವಲ್ಲ ಮಾವ!”

“ಅದಕ್ಕೇ ಇಷ್ಟು ಹೊತ್ತು ಹಿಡೀತು.”

“ಅಯ್ಯೋ, ಇಲ್ಲಿ ನೋಡು. ತಂತಿ ಕೆಳಗೆ ಅಯಸ್ಕಾಂತ ಐತೆ, ಅದರ ಸುತ್ತ ತಾಮ್ರದ ಎಳೆ ಸುತ್ತವ್ರೆ. ತಂತಿ ನಡುಗಿದ್ದು ಅಲ್ಲಿಂದ ವೈರಲ್ಲಿ ಸ್ಪೀಕರ್ ಪೆಟ್ಟಿಗೆಗೆ ಹೋಯ್ತದೆ. ಇದರ ಹೊಟ್ಟೆ ಆ ಪೆಟ್ಟಿಗೇಲೈತೆ!”

“ಮೈ ಒಂದ್ಕಡೆ, ಹೊಟ್ಟೆ ಒಂದ್ಕಡೆ!” ಓಬಳಯ್ಯ ಲೊಚಗುಟ್ಟಿದ. “ಅದಕ್ಕೇ ಕಣ್ಲಾ ಅದಕ್ಕೆ ಇಷ್ಟು ನಿತ್ರಾಣ.”

ಮನೆಗೆ ತಂದು ನೋಡಿದರೆ ಬೆನ್ನಿನ ಕೆಂಪು ಬಣ್ಣ ಹಪ್ಪಳದಂತೆ ಉಬ್ಬಿತ್ತು. ತಂತಿಗಳು ಹಳೇ ಮಂಚದ ಹಗ್ಗದಂತೆ ಸಡಿಲ. ಭೀಮರಾಜು ತಲೆಯ ಮೇಲೆ ಕೈಹೊತ್ತು ಕೂತ. ಅಷ್ಟು ದಿನ ರೇಗಿಸುತ್ತಿದ್ದ ವನಜಾಕ್ಷಿಯೇ ಹತ್ತಿರ ಬಂದು ಅಂಗೈ ಚಾಚಿದಳು.

“ಸ್ಕ್ರೂ ಬಿಚ್ಚಿ ನನ್ ಕೈಗೆ ಕೊಡಿ. ಒಳಗೇನಾಗೈತೆ ನೋಡೋಣ. ಅಳೋದಿದ್ರೆ ಆಮೇಲೆ ಅಳೋಣ.”

ಭೀಮರಾಜು ಗಿಟಾರಿನ ಕತ್ತು ಕಳಚಿ, ಕಣ್ಣು ಕಿರಿದು ಮಾಡಿ ಉದ್ದಕ್ಕೂ ನೋಡಿದ. ಡೊಂಕಿಲ್ಲ. ಟೊಳ್ಳು ಗಿಟಾರಾಗಿದ್ದರೆ ಅಂಟು ಬಿಟ್ಟು ಹಲಗೆ ಹಲಗೆಯಾಗುತ್ತಿತ್ತು. ಇದು ಗಟ್ಟಿ ಮರ, ಅಂಟು ಬಿಡಲು ಒಳಗೆ ಏನಿತ್ತು? ಅಯಸ್ಕಾಂತಕ್ಕೂ ಬಿಸಿ ತಾಗಿರಲಿಲ್ಲ. ವನಜಾಕ್ಷಿ ಹಳೇ ಸೀರೆಯ ತುಂಡಿನಿಂದ, ಮಗುವಿನ ಮೂಗು ಒರೆಸುವಷ್ಟು ಮೆತ್ತಗೆ ಮಸಿ ಒರೆಸಿದಳು. ಭೀಮರಾಜು ಸ್ಕ್ರೂ ಬಿಗಿದು ಶ್ರುತಿ ಮಾಡಿಕೊಂಡ.

ಸಂಜೆ ವೇದಿಕೆ ಹತ್ತಿ ಗಿಟಾರಿನ ವೈರನ್ನು ಸ್ಪೀಕರ್ ಪೆಟ್ಟಿಗೆಗೆ ಚುಚ್ಚಿದ. ಮುಂದಿನ ಸಾಲಿನಲ್ಲಿ ಪ್ರಭುದೇವ್ ಕೈಕಟ್ಟಿ ಕೂತಿದ್ದ. ಭೀಮರಾಜು ಕಣ್ಣು ಮುಚ್ಚಿ ಒಂದು ತಂತಿ ಮೀಟಿದ.

ಆ ನಾದ ಎದ್ದು ಚಪ್ಪರ ದಾಟಿ, ಬಸ್ ಸ್ಟ್ಯಾಂಡ್ ದಾಟಿ ಹೋಯಿತು. ಹೋಗುತ್ತಲೇ ಇತ್ತು. ಗಟ್ಟಿ ಮರ ತಂತಿಯ ನಡುಕವನ್ನು ನುಂಗಲಿಲ್ಲ. ಕೊರಟಗೆರೆ ಬಸ್ಸು ಹತ್ತಿದ್ದವರು ಕೆಳಗಿಳಿದು ಬಂದರು. ಬೆರಳುಗಳು ಓಡತೊಡಗಿದವು. ಕೆಳಗಿದ್ದ ಓಬಳಯ್ಯ ತಡೆಯಲಾಗದೆ ತಮಟೆಯ ಪೆಟ್ಟು ಕೂಡಿಸಿದ. ಹೆಂಗಸರು ಸೆರಗು ಕಟ್ಟಿ ಕುಣಿದರು, ಪೆದ್ದಮ್ಮ ಕುಣಿದಳು, ಪ್ರಭುದೇವ್ ಕಟ್ಟಿದ್ದ ಕೈ ಬಿಚ್ಚಿ ಕುರ್ಚಿಯ ಮೇಲೆ ಹತ್ತಿ ಕುಣಿದ. “ಇನ್ನೊಂದು ಮೇಷ್ಟ್ರೇ, ಇನ್ನೊಂದು!” ಎಂದು ಊರಿಗೆ ಊರೇ ಕೂಗಿತು.

ಕೊನೆಗೆ ಪ್ರಭುದೇವ್ ಶಾಲು ಹಿಡಿದು ಮೈಕಿನ ಮುಂದೆ ಬಂದ. ಭೀಮರಾಜು ನಾಚಿಕೊಂಡು ತಲೆ ತಗ್ಗಿಸಿ ನಿಂತ. ಶಾಲು ಅವನ ಮೂಗಿನ ಮುಂದೆಯೇ ಹಾದುಹೋಗಿ ಓಬಳಯ್ಯನ ಹೆಗಲೇರಿತು.

“ಮಧ್ಯಾಹ್ನ ಸೊಳ್ಳೆ ಥರ ಗುಂಯ್ ಅಂತಿದ್ದ ಗಿಟಾರನ್ನ ಕಾಯ್ಸಿ, ಹುಲಿ ಮಾಡ್ದ ನಮ್ಮ ಓಬಳಯ್ಯನೋರಿಗೆ ಜೋರಾಗಿ ಚಪ್ಪಾಳೆ!”

ಅಯಸ್ಕಾಂತದ ವಿಷಯ ಹೇಳಲು ಭೀಮರಾಜು ಬಾಯಿ ತೆರೆದ. ಮಾವನ ಕಣ್ಣು ತುಂಬಿ ಬಂದದ್ದು ಕಂಡಿತು. ಬಾಯಿ ಮುಚ್ಚಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಓಬಳಯ್ಯ ಮೈಕು ಕಸಿದುಕೊಂಡ. “ನನ್ ಅಳಿಯ ಇವತ್ತಿಂದ ನಮ್ ಮೇಳದೋನು ಕಣ್ರಪ್ಪೋ!”

ಶಿಳ್ಳೆಯೋ ಶಿಳ್ಳೆ. ಭೀಮರಾಜು ಹಿಗ್ಗಿ ಹೀರೇಕಾಯಾದ. ಕಲಾವಿದ ಎಂದು ಊರೇ ಒಪ್ಪಿದ ಹಾಗಾಯಿತಲ್ಲ! ಮೆರವಣಿಗೆ ಹೊರಡುವಾಗ ಗಿಟಾರನ್ನು ಕೊರಳಿಗೆ ನೇತುಹಾಕಿಕೊಂಡು ಮೇಳದವರ ಜೊತೆ ಎದೆಯುಬ್ಬಿಸಿ ನಿಂತ. ಯಾರೋ ಅವನ ತಲೆಯ ಮೇಲೆ ಹುಲ್ಲಿನ ಹೊರೆ ಹೊರಿಸಿದರು.

“ಇದ್ಯಾಕ್ ಮಾವ?”

“ನಮ್ ಮೇಳದ ಪದ್ಧತಿ ಕಣ್ಲಾ. ಕೊನೇಲಿ ಸೇರ್ದೋನು ಬೆಂಕಿ ನೋಡ್ಕೋಬೇಕು. ಇನ್ನೊಬ್ಬ ಸೇರೋಗಂಟ ನೀನೇಯ. ನಾನ್ ಸೇರಿದ್ಮೇಲೆ ಹನ್ನೆರಡು ವರ್ಷ ಯಾರೂ ಸೇರ್ಲಿಲ್ಲ.”

ಮೊದಲ ಬೀದಿಯ ತಿರುವಿನಲ್ಲೇ ತಮಟೆಗಳು ತಣ್ಣಗಾದವು. ಭೀಮರಾಜು ಮಂಡಿಯೂರಿ ಹುಲ್ಲಿಗೆ ಕಡ್ಡಿ ಗೀರಿದ. ಹೊಗೆ ಸೀದಾ ಮುಖಕ್ಕೆ ಬಂತು.

“ಊದ್ಲಾ, ಚೆನ್ನಾಗಿ ಊದು!” ಶಾಲು ಹೊದ್ದ ಓಬಳಯ್ಯ ಅಕ್ಕರೆಯಿಂದ ಕೈಚಾಚಿದ. “ಅದನ್ನ ಇತ್ಲಾಗ್ ಕೊಡು, ನಾನ್ ಕಾಯಿಸ್ಕೊಡ್ತೀನಿ.”

ಭೀಮರಾಜು ಎರಡೂ ಕೈಯಲ್ಲಿ ಗಿಟಾರನ್ನು ಎದೆಗವಚಿಕೊಂಡು, ಕಣ್ಣೀರು ಸುರಿಸುತ್ತ, ಊದಿದ.